ತಂತಿ ದಾಟಿಹೋದ ಊರಿನ ಹುಡುಗರು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಆ ಕಾಲದ ಹೊಸ ತಂತ್ರಜ್ಞಾನ ಸುತ್ತಲಿನ ಹಳ್ಳಿಗಳನ್ನು ಕತ್ತಲಲ್ಲೇ ಬಿಟ್ಟು ದಾಟಿಹೋಗಿತ್ತು.

ಈಗಿನ ತಂತ್ರಜ್ಞಾನ ನೇರವಾಗಿ ಹೈಸ್ಕೂಲು ಮಕ್ಕಳ ಕೈಗೇ ಬರುತ್ತದೆ. ಮಳವಳ್ಳಿ ಪಕ್ಕದ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಯೂನಿಫಾರಂ ತೊಟ್ಟ ಹುಡುಗ ಅಪ್ಪನ ಮೊಬೈಲಿನಲ್ಲಿ ಎಐಗೆ ಕನ್ನಡದಲ್ಲೇ ಪ್ರಶ್ನೆ ಕೇಳುತ್ತಾನೆ. ಬಂದ ಉತ್ತರವನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸುತ್ತಾನೆ. ಒಂದು ಪದದ ಮುಂದೆ ಯಾವ ಪದ ಬರಬಹುದೆಂದು ಲೆಕ್ಕ ಹಾಕುವ ಆ ಯಂತ್ರ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆಂದು ಅವನಿಗೆ ತಿಳಿಸಿದವರು ಕಡಿಮೆ. ತಿಳಿಸಬೇಕಾದರೆ ಮೇಷ್ಟ್ರಿಗೂ ಅದು ಗೊತ್ತಿರಬೇಕಲ್ಲ!

ಹೊಲಗದ್ದೆಯ ಮಾತಿಗೆ ಬಂದರೆ ಅದೇ ಹುಡುಗನ ತಲೆ ಚುರುಕಾಗಿ ಓಡುತ್ತದೆ. ಕಬ್ಬಿಗೆ ಔಷಧಿ ಹೊಡೆಯುವ ಡ್ರೋನ್ ಕಂಡರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಎಕರೆಗೆ ಬಾಡಿಗೆ ಎಷ್ಟು ಎಂದು ವಿಚಾರಿಸುತ್ತಾನೆ. ಗಾಳಿಗೆ ತೂರಿದ ಔಷಧಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆಹುಳು ಉಳಿಯುತ್ತಾ ಎಂದೂ ಕೇಳುತ್ತಾನೆ. ವಿಜ್ಞಾನದ ಪ್ರಶ್ನೆ ಅಂದರೆ ಇದೇ.

ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಸಲಕರಣೆ ಬೇಕು. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಸೆನ್ಸರ್, ತ್ರೀಡಿ ಪ್ರಿಂಟರ್ ಒದಗಿಸುತ್ತದೆ. ಅಂಥದ್ದು ಕೈಗೆ ಸಿಕ್ಕರೆ, ಅವನು ಗದ್ದೆಯ ಬದುವಿನ ಮೇಲೆ ಗಾಳಿಯ ವೇಗ ಅಳೆಯುವುದರಿಂದಲೇ ಶುರುಮಾಡಿಯಾನು.