ಕಸದ ಕಾಯಿದೆ ಯಾರ ಮೇಲೆ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಕಸದ ಮಾತನ್ನು ರಾಜಕೀಯ ಸಭೆಯಲ್ಲಿ ಏತಕ್ಕೆ ಎತ್ತುತ್ತೀರಿ ಎಂದು ಕೆಲವರು ನಮ್ಮನ್ನು ಕೇಳುತ್ತಾರೆ. ಕಾಯಿದೆ ಇರುವಲ್ಲಿ, ದಂಡ ಇರುವಲ್ಲಿ, ಆ ದಂಡ ತೆರುವ ಬಡವನಿರುವಲ್ಲಿ ರಾಜಕೀಯ ಇದ್ದೇ ಇದೆ.

2016ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಒಂದು ವರ್ಷದೊಳಗೆ ತನ್ನದೇ ಬೈಲಾ ರಚಿಸಬೇಕು, ಬೀದಿಯಲ್ಲಿ ಕಸ ಎಸೆಯುವವರಿಗೆ ಸ್ಥಳದಲ್ಲೇ ದಂಡ ಹಾಕಲು ಅದರಲ್ಲಿ ಏರ್ಪಾಡಿರಬೇಕು ಎಂದು ಅವು ವಿಧಿಸಿದುವು. ಮನೆ ಮನೆಯಿಂದ ಕಸ ಸಂಗ್ರಹಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿದುದೂ ಅದೇ ನಿಯಮಗಳೇ. ದಂಡದ ಮಾತು ಎಲ್ಲರ ಕಿವಿಗೂ ಬಿತ್ತು. ಹೊಣೆಯ ಮಾತು ಎಷ್ಟು ಜನರ ಕಿವಿಗೆ ಬಿತ್ತು?

ನಮ್ಮ ಊರುಗಳನ್ನೇ ನೋಡೋಣ. ಚನ್ನಗಿರಿ ಅಡಿಕೆಯ ಸೀಮೆ. ಗೊಬ್ಬರವಾಗಬೇಕಾದ ಸಿಪ್ಪೆ ಸುಲಿಗೆಯ ಕಾಲದಲ್ಲಿ ಲೋಡುಗಟ್ಟಲೆ ರಸ್ತೆಯ ಮಗ್ಗುಲಿಗೆ ಬಂದು ಬೀಳುತ್ತದೆ. ಬೆಂಕಿಯಿಟ್ಟರೆ ದಿನಗಟ್ಟಲೆ ಹೊಗೆಯಾಡುತ್ತದೆ. ಅಡಿಕೆಯಾದರೋ ಪಾನ್ ಮಸಾಲೆಯಾಗಿ, ಪೊಟ್ಟಣಗಳಲ್ಲಿ ನಮ್ಮ ಗೂಡಂಗಡಿಗಳಿಗೇ ಹಿಂತಿರುಗುತ್ತದೆ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ತಯಾರಕರು ಮಾಡಿದ್ದೇನು? ಮಸಾಲೆಯನ್ನು ಒಂದು ಪೊಟ್ಟಣಕ್ಕೆ, ತಂಬಾಕನ್ನು ಇನ್ನೊಂದಕ್ಕೆ ತುಂಬಿದರು. ಚರಂಡಿಗೆ ಬೀಳುತ್ತಿದ್ದ ಒಂದು ಪೊಟ್ಟಣ ಎರಡಾಯಿತು!

ಹೊನ್ನಾಳಿಯಲ್ಲಿ ಚರಂಡಿಗೆ ಬಿದ್ದದ್ದು ಮಳೆ ಬಂದರೆ ತುಂಗಭದ್ರೆಯ ಪಾಲು. ಜಗಳೂರಿನ ಬಯಲುಸೀಮೆಯಲ್ಲಿ ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ ಹೊಲಕ್ಕೆ, ಅಲ್ಲಿಂದ ದನದ ಹೊಟ್ಟೆಗೆ. ಇವೆಲ್ಲಕ್ಕೂ ಹೊಣೆ ಯಾರು? 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲಿ ನಿಷಿದ್ಧವಾದವು. ತಪಾಸಣೆ ಸಣ್ಣ ಅಂಗಡಿಯ ಗಲ್ಲಾದ ಮುಂದೆ ನಿಲ್ಲುವಷ್ಟು ಸುಲಭವಾಗಿ ಕಾರ್ಖಾನೆಯ ಬಾಗಿಲಿಗೆ ಹೋಗುವುದಿಲ್ಲ. ಇದು ನ್ಯಾಯವೇ?

ಹಾಗೆಂದು ಕಾಯಿದೆಯೇ ಬೇಡವೆಂದು ನಾವು ಹೇಳುವುದಿಲ್ಲ. ಕಾಯಿದೆಯಿಲ್ಲದ ಬೀದಿಯಲ್ಲಿ ಮೊದಲು ಕೆಮ್ಮುವುದು ಕೂಲಿಕಾರನ ಮಗುವೇ. ಕರ್ನಾಟಕ ಪುರಸಭೆಗಳ 1964ರ ಕಾಯಿದೆಯಂತೆ ಬೈಲಾದ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಬೇಕು. ಆ ಕರಡು ನೋಟೀಸು ಹಲಗೆಯ ಮೇಲೆ ಮೌನವಾಗಿ ಸಾಯಬಾರದು. ಓದೋಣ, ಓದು ಬಾರದವರಿಗೆ ಓದಿ ಹೇಳೋಣ, ಬರೆದು ಕೊಡೋಣ. ಹೊಸ ತಾಲ್ಲೂಕಾದ ನ್ಯಾಮತಿಯವರು ಇದರಲ್ಲಿ ಮೊದಲಿಗರಾಗಲಿ.

ನಾವು ಕೇಳುವುದು ಇಷ್ಟು. ಮೊದಲು ಗಾಡಿ ಹೊತ್ತಿಗೆ ಸರಿಯಾಗಿ ಬರಲಿ, ಸಂತೆಯಲ್ಲಿ ತೊಟ್ಟಿ ಇರಲಿ, ದಂಡ ಆಮೇಲೆ. ದಂಡ ರಾಶಿಯ ಅಳತೆಗೆ ತಕ್ಕಂತಿರಲಿ. ಲೋಡು ಸುರಿದವನಿಗೂ ಪೊಟ್ಟಣ ಬಿಸುಟವನಿಗೂ ಒಂದೇ ತಕ್ಕಡಿ ಬೇಡ. ವಸೂಲಾದ ಹಣದ ಲೆಕ್ಕ ವಾರ್ಡಿನಲ್ಲೇ ಓದಲಿ. ಪೌರಕಾರ್ಮಿಕರ ಕೈಗವಸಿಗೆ, ಬೂಟಿಗೆ ಅದು ಮೊದಲು ಸಲ್ಲಲಿ. 2022ರ ಜುಲೈನಲ್ಲಿ ನೌಕರಿ ಖಾಯಂ ಮಾಡಿ ಎಂದು ಆ ಕಾರ್ಮಿಕರು ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟಾಗ, ಕೆಲವೇ ದಿನಗಳಲ್ಲಿ ಸರ್ಕಾರ ಮಾತುಕತೆಗೆ ಬರಬೇಕಾಯಿತು. ಊರು ಯಾರ ಬೆನ್ನ ಮೇಲೆ ನಿಂತಿದೆಯೆಂದು ಆಗ ಎಲ್ಲರಿಗೂ ತಿಳಿಯಿತು.

ಕೇಳುವ ನಮಗೂ ಕರ್ತವ್ಯವುಂಟು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡುವುದಕ್ಕೆ ಯಾವ ಅಧಿಕಾರಿಯ ಅಪ್ಪಣೆಯೂ ಬೇಡ. ಬೆರೆಸಿ ಕೊಟ್ಟದ್ದನ್ನು ಬರಿಗೈಯಲ್ಲಿ ಬಿಡಿಸುವವರು ನಮ್ಮಂತೆಯೇ ದುಡಿಯುವವರು. ಅವರ ಕೈ ಉಳಿಸುವ ಕೆಲಸ ನಾಳೆ ಬೆಳಿಗ್ಗೆ ನಮ್ಮ ನಮ್ಮ ಮನೆಯಲ್ಲೇ ಮೊದಲಾಗಲಿ.