ಮೊದಲ ಸಂದರ್ಶನಕ್ಕೆ ಯಾವ ಉಡುಪು?



ಸಂದರ್ಶನದ ಪತ್ರ ಬಂದೊಡನೆ ನಮ್ಮ ಅನೇಕ ಮನೆಗಳಲ್ಲಿ ಸಾಲ ಮಾಡಿಯಾದರೂ ಕೋಟು ಹೊಲಿಸುವ ಮಾತು ಏಳುತ್ತದೆ. ಅದು ಬೇಡ. ಶಾಲೆ, ಕಚೇರಿ, ಬ್ಯಾಂಕಿನ ಕೆಲಸಕ್ಕೆ ಹುಡುಗರಿಗೆ ತಿಳಿ ಬಣ್ಣದ ತುಂಬು ತೋಳಿನ ಅಂಗಿ, ಗಾಢ ಬಣ್ಣದ ಪ್ಯಾಂಟು, ಪಾಲಿಶ್ ಮಾಡಿದ ಬೂಟು ಸಾಕು. ಹುಡುಗಿಯರಿಗೆ ಸಾದಾ ಸಲ್ವಾರ್ ಕಮೀಜ್ ಅಥವಾ ಸೀರೆ ಸಾಕು. ಹಿಂದಿನ ದಿನವೇ ಇಸ್ತ್ರಿ ಮಾಡಿ, ತೊಟ್ಟು, ಕುಳಿತು ನೋಡಿ. ಗುಂಡಿ ಸಡಿಲವಿದ್ದರೆ ಆಗಲೇ ಹೊಲಿಯಿರಿ. ಉಗುರು ಕತ್ತರಿಸಿ. ಅತ್ತರು ಹಚ್ಚುವುದಾದರೆ ಒಂದೇ ಹನಿ. ಸಣ್ಣ ಕೋಣೆಯಲ್ಲಿ ಎದುರಿನವರಿಗೆ ತಲೆನೋವಾಗಬಾರದು.

“ಗಡ್ಡ ತೆಗೆಯಬೇಕೇ? ಸ್ಕಾರ್ಫ್ ಬಿಡಬೇಕೇ?” ಎಂದು ಮಕ್ಕಳು ಕೇಳುತ್ತಾರೆ. ಈ ಅಳುಕಿನಿಂದ ಅರ್ಜಿಯನ್ನೇ ಹಾಕದೆ ಉಳಿಯಬೇಡಿ. ಸಂವಿಧಾನದ 16ನೇ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಕೇವಲ ಧರ್ಮದ ಕಾರಣಕ್ಕೆ ಭೇದ ಮಾಡುವುದನ್ನು ನಿಷೇಧಿಸಿದೆ. ಸೇನೆ, ಪೊಲೀಸಿನಂಥ ಸಮವಸ್ತ್ರದ ಸೇವೆಗಳಿಗೆ ಬೇರೆ ನಿಯಮಗಳಿವೆ. ಖಾಸಗಿ ಸಂಸ್ಥೆಯಾದರೆ ಉಡುಪಿನ ನಿಯಮವನ್ನು ಮೊದಲೇ ವಿಚಾರಿಸಿ, ಮನೆಯಲ್ಲಿ ಮಾತಾಡಿ ನಿರ್ಧರಿಸಿ. ಗಡ್ಡ ಒಪ್ಪವಾಗಿರಲಿ. ಸ್ಕಾರ್ಫಿಗೆ ಭದ್ರವಾಗಿ ಪಿನ್ ಹಾಕಿ. ಮಾತಿನ ನಡುವೆ ಕೈ ಅತ್ತ ಹೋಗದಿರಲಿ.

ಕೋಟಿಗೆಂದು ಕೂಡಿಟ್ಟ ಹಣವಿದ್ದರೆ, ಪರಸ್ಥಳದ ಸಂದರ್ಶನಕ್ಕೆ ಹಿಂದಿನ ದಿನವೇ ಹೋಗಿ ತಂಗಲು ಬಳಸಿ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಸುಕ್ಕಾದ ಕೋಟಿಗಿಂತ, ನಿದ್ದೆ ಮಾಡಿ ಎದ್ದ ಮುಖಕ್ಕೆ ಹೆಚ್ಚು ಕಳೆ.