ಊರಿಗೊಬ್ಬ ಮ್ಯಾನೇಜರ್ ಬೇಕಾಗಿದ್ದಾರೆ

ಚೆನ್ನೈನ ಟಿ. ನಗರಕ್ಕೆ ನೀವೆಲ್ಲ ಒಂದಲ್ಲ ಒಂದು ಸಲ ಹೋಗಿಯೇ ಇರುತ್ತೀರಿ. ಮದುವೆ ಸೀರೆಗೋ, ಒಡವೆಗೋ, ಪಾಂಡಿ ಬಜಾರಿನ ತಿರುಗಾಟಕ್ಕೋ. ಆ ನೂಕುನುಗ್ಗಲಿನಲ್ಲಿ ಪರ್ಸು ಕಾಯುವುದೇ ದೊಡ್ಡ ಕೆಲಸ, ರಸ್ತೆಯ ಬೋರ್ಡು ಓದುವ ಪುರುಸೊತ್ತು ಯಾರಿಗಿದೆ? ನನಗೆ ಮಾತ್ರ ಅದೇ ಚಟ. ವೆಂಕಟನಾರಾಯಣ ರಸ್ತೆಯಲ್ಲಿ ತಿರುಪತಿ ದೇವಸ್ಥಾನದವರ ಗುಡಿ ಇದೆಯಲ್ಲ, ಅಲ್ಲಿ ಸಾಲಿನಲ್ಲಿ ನಿಂತವರನ್ನು ಈ ವೆಂಕಟನಾರಾಯಣ ಯಾರು ಎಂದು ಕೇಳಿನೋಡಿ. ದೇವರ ಹೆಸರೇ ಇರಬೇಕು ಅನ್ನುತ್ತಾರೆ. ಅಲ್ಲ ಸ್ವಾಮಿ! ಅವರು ಜೆ. ವೆಂಕಟನಾರಾಯಣ ನಾಯ್ಡು, ಮದ್ರಾಸ್ ಕಾರ್ಪೊರೇಷನ್ನಿನ ಕಮಿಷನರು. ಮೊಲೋನಿ ರಸ್ತೆಯ ಮೊಲೋನಿ, ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದ ಐಸಿಎಸ್ ಅಧಿಕಾರಿ. ಮ್ಯಾಡ್ಲಿ ರಸ್ತೆಯ ಮ್ಯಾಡ್ಲಿ, ಈ ಊರಿಗೆ ಶುದ್ಧ ನೀರು ಕುಡಿಸಿದ ಎಂಜಿನಿಯರು. ಬೋಗ್ ರಸ್ತೆಯ ಬೋಗ್ ಇನ್ನೊಬ್ಬ ಐಸಿಎಸ್. ಆ ರಸ್ತೆಗೆ ಈಗ ನಟ ಶಿವಾಜಿ ಗಣೇಶನ್ ಅವರ ಹೆಸರು ಬಂದಿದೆ. ಮಾಂಬಲದ ದೊಡ್ಡ ಕೆರೆಯನ್ನು ಬತ್ತಿಸಿ, 1920ರ ದಶಕದಲ್ಲಿ ಅನುಕೂಲಸ್ಥರಿಗಾಗಿ ಕಟ್ಟಿದ ಬಡಾವಣೆ ಇದು. ಊರು ನಡೆಸಿದವರ ಹಾಜರಿ ಪುಸ್ತಕವೇ ಇಲ್ಲಿಯ ಮೂಲೆಮೂಲೆಯಲ್ಲಿ ಬೋರ್ಡಾಗಿ ನಿಂತಿದೆ.

ಊರು ನಡೆಸುವುದು ಯಾರ ಕೆಲಸ? ಓಟು ಗೆದ್ದವರದೋ, ಕೆಲಸ ಬಲ್ಲವರದೋ? ಬಲ್ಲವರದು ಅನ್ನುವುದಾದರೆ ಆ ಬಲ್ಲವರನ್ನು ಆರಿಸಿ ಸಂಬಳ ಕೊಟ್ಟು ಇಟ್ಟುಕೊಳ್ಳುವವರು ಯಾರು? ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು ಇದನ್ನೇ.

ಅಮೆರಿಕದ ಕ್ಯುಪರ್ಟಿನೋದಂಥ ಪುಟ್ಟ ಶ್ರೀಮಂತ ಊರುಗಳಲ್ಲಿ ನಮ್ಮ ಕನ್ನಡದ ಮನೆಗಳು ಸಾಕಷ್ಟಿವೆ. ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಅಲ್ಲಿಯ ಪಾರ್ಕು, ಲೈಬ್ರರಿ, ರಸ್ತೆಗಳನ್ನು ಬಾಯಿತುಂಬ ಹೊಗಳುತ್ತಾರೆ. ಅದನ್ನೆಲ್ಲ ದಿನದಿನ ನೋಡಿಕೊಳ್ಳುವವರು ಮೇಯರ್ ಅಲ್ಲ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಅಲ್ಲಿ ಮೇಯರ್ ಅಂದರೆ ಕೌನ್ಸಿಲ್ ಸದಸ್ಯರಲ್ಲೇ ಒಬ್ಬರು, ಸರದಿಯ ಮೇಲೆ ಬಂದು ಹೋಗುವವರು. ನಿಜವಾದ ಕೆಲಸ ಸಿಟಿ ಮ್ಯಾನೇಜರ್ ಎಂಬ ಸಂಬಳದ ನೌಕರನದು. ಕೌನ್ಸಿಲಿನವರು ಜಾಹೀರಾತು ಕೊಡುತ್ತಾರೆ, ಅರ್ಜಿ ನೋಡುತ್ತಾರೆ, ಸಂದರ್ಶನ ಮಾಡುತ್ತಾರೆ, ಕರಾರು ಬರೆಸಿಕೊಳ್ಳುತ್ತಾರೆ. ಹಿಡಿಸದಿದ್ದರೆ ಮನೆಗೆ ಕಳಿಸುತ್ತಾರೆ.

ಈ ಪದ್ಧತಿಯ ಹುಟ್ಟು ಹುಡುಕಿಕೊಂಡು ಹೋದರೆ ಎಲ್ಲರೂ ತೋರಿಸುವುದು ವರ್ಜೀನಿಯಾ ರಾಜ್ಯದ ಸ್ಟಾಂಟನ್ ಎಂಬ ಸಣ್ಣ ಪಟ್ಟಣವನ್ನು. ವರ್ಷ 1908. ಕೆಸರು ರಸ್ತೆ, ಖಾಲಿ ಖಜಾನೆ, ಸಮಿತಿಗಳ ಮೇಲೆ ಸಮಿತಿ. ಬೇಸತ್ತ ಊರಿನವರು ಜನರಲ್ ಮ್ಯಾನೇಜರ್ ಎಂಬ ಹುದ್ದೆ ಮಾಡಿ ಚಾರ್ಲ್ಸ್ ಆಶ್‌ಬರ್ನರ್ ಎಂಬ ಎಂಜಿನಿಯರನ್ನು ತಂದು ಕೂರಿಸಿದರು. ಮೂರು ವರ್ಷ ದುಡಿದು ಆತ ಬಿಟ್ಟ. ಆಮೇಲೆ ಸ್ಪ್ರಿಂಗ್‌ಫೀಲ್ಡ್, ನಾರ್ಫೋಕ್, ಸ್ಟಾಕ್‌ಟನ್ ಎಂದು ಊರಿಂದೂರಿಗೆ ಕರೆಸಿಕೊಳ್ಳುತ್ತ ಹೋದರು. 1914ರ ಕೊನೆಗೆ ಅಂಥ ಮ್ಯಾನೇಜರುಗಳು ಬೆರಳೆಣಿಕೆಯಷ್ಟು ಜನ ಸೇರಿ ಸಂಘ ಕಟ್ಟಿಕೊಂಡಾಗ ಮೊದಲ ಅಧ್ಯಕ್ಷನೂ ಇವನೇ. ಊರು ನಡೆಸುವುದನ್ನೇ ವೃತ್ತಿ ಮಾಡಿಕೊಂಡ ಮೊದಲಿಗ.

ಈ ಆಶ್‌ಬರ್ನರ್ ಹುಟ್ಟಿದ್ದು ಎಲ್ಲಿ ಗೊತ್ತೆ? ಬೊಂಬಾಯಿಯಲ್ಲಿ! ಬ್ರಿಟಿಷ್ ಸೇನಾಧಿಕಾರಿಯ ಮಗ, 1870ರಲ್ಲಿ ಹುಟ್ಟಿದವನು. ಇದನ್ನು ಮೊದಲು ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾಕೆಂದರೆ 1870ರ ಬೊಂಬಾಯಿಯಲ್ಲಿ ಊರು ನಡೆಸುತ್ತಿದ್ದವರು ಮೇಯರೂ ಅಲ್ಲ, ಸಮಿತಿಯೂ ಅಲ್ಲ. ಒಬ್ಬನೇ ಒಬ್ಬ ಸಂಬಳದ ಅಧಿಕಾರಿ, ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್. 1865ರ ಕಾಯಿದೆ ಆ ಹುದ್ದೆಯನ್ನು ಮಾಡಿತ್ತು. ಸ್ಟಾಂಟನ್ನಿಗೆ ಆ ಬುದ್ಧಿ ಬರುವುದಕ್ಕೆ ನಲವತ್ಮೂರು ವರ್ಷ ಮುಂಚೆ! ತೊಟ್ಟಿಲ ಕೂಸು ಕ್ರಾಫರ್ಡನಿಂದ ಏನೂ ಕಲಿತಿರಲಿಕ್ಕಿಲ್ಲ, ಪಂಡಿತರು ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುತ್ತಾರೆ. ತಳ್ಳಿಹಾಕಲಿ. ನನಗೆ ಇದು ಖುಷಿ ಕೊಡುತ್ತದೆ, ಅಷ್ಟು ಸಾಕು.

ಕ್ರಾಫರ್ಡ್ ಭಾರಿ ಹುರುಪಿನ ಆಸಾಮಿ. ಗಲೀಜು ತೆಗೆಸಿದ, ರಸ್ತೆ ಹಾಕಿಸಿದ, 1869ರಲ್ಲಿ ಮಾರುಕಟ್ಟೆ ಎಬ್ಬಿಸಿದ. ಅದು ಇವತ್ತಿಗೂ ಜನರ ಬಾಯಲ್ಲಿ ಕ್ರಾಫರ್ಡ್ ಮಾರ್ಕೆಟ್ಟೇ. ಆದರೆ ಕೈ ಬಹಳ ಉದ್ದ, ಲೆಕ್ಕ ಕೇಳುವವರಿಲ್ಲ. ತೆರಿಗೆ ಕಟ್ಟುವವರು ರೊಚ್ಚಿಗೆದ್ದರು, 1871ರಲ್ಲಿ ಹುದ್ದೆ ಹೋಯಿತು. ಊರೆಲ್ಲ ಅವನ ಮೇಲೆ ಕತ್ತಿ ಮಸೆಯುತ್ತಿದ್ದಾಗ ಇಪ್ಪತ್ತಾರರ ಹರೆಯದ ಒಬ್ಬ ಪಾರ್ಸಿ ಬ್ಯಾರಿಸ್ಟರು ಎದ್ದುನಿಂತು ಬೇರೆಯೇ ಮಾತಾಡಿದರು. ಅವರೇ ಫಿರೋಜ್‌ಶಾ ಮೆಹ್ತಾ. ಕೆಲಸಕ್ಕೆ ಒಬ್ಬನೇ ಅಧಿಕಾರಿ ಇರಲಿ, ಅದು ಸರಿಯೇ, ಅವನ ಲಗಾಮು ಹಿಡಿಯಲು ಜನ ಆರಿಸಿದ ಸಭೆ ಇರಲಿ ಎಂಬುದು ಅವರ ವಾದ. 1888ರ ಬೊಂಬಾಯಿ ಕಾಯಿದೆಯ ಬೆನ್ನೆಲುಬು ಇದೇ. ಕಮಿಷನರನ್ನು ನೇಮಿಸುವುದು ಸರ್ಕಾರ, ಆದರೆ ಸಭೆಯ ಒಟ್ಟು ಸದಸ್ಯರಲ್ಲಿ ಎಂಟರಲ್ಲಿ ಐದು ಪಾಲು ಜನ ಬೇಡವೆಂದರೆ ಅವನನ್ನು ವಾಪಸು ಕರೆಸಿಕೊಳ್ಳಲೇಬೇಕು. ಕಳಿಸುವ ಅಧಿಕಾರ ಸಿಕ್ಕಿತು, ಆರಿಸುವ ಅಧಿಕಾರ ಸಿಗಲಿಲ್ಲ. ಈ ಅರ್ಧ ಕೊಡುಗೆಯಲ್ಲೇ ನಾವು ಇವತ್ತಿಗೂ ಇದ್ದೇವೆ.

ಮದ್ರಾಸಿನ ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 1688ರಲ್ಲಿ ಇಂಡಿಯಾದ ಮೊದಲ ಕಾರ್ಪೊರೇಷನ್ ಇಲ್ಲೇ ಶುರುವಾಯಿತು. ನಥಾನಿಯಲ್ ಹಿಗ್ಗಿನ್ಸನ್ ಮೊದಲ ಮೇಯರು, ಜೊತೆಗೆ ಹನ್ನೆರಡು ಮಂದಿ ಆಲ್ಡರ್‌ಮನ್ನರು, ಅವರಲ್ಲಿ ಮೂವರು ಹಿಂದೂಗಳು. ಬೆಳ್ಳಿ ದಂಡ, ನಿಲುವಂಗಿ, ಕೊಡೆ, ಎಲ್ಲ ವೈಭವವೂ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಾಚಾರ ಬೇರೆ: ಜನರೇ ಜನರ ಮೇಲೆ ತೆರಿಗೆ ಹಾಕಿಕೊಳ್ಳಲಿ ಅಂತ. ಜನ ಕಟ್ಟಲಿಲ್ಲ. ಆಮೇಲಿನ ಇನ್ನೂರು ವರ್ಷಗಳ ಕಾಯಿದೆ ತಿದ್ದುಪಡಿಗಳನ್ನು ನಿಮಗೆ ಓದಿ ಹೇಳಿದರೆ ರೇಡಿಯೋ ಆಫ್ ಮಾಡಿಬಿಡುತ್ತೀರಿ. 1882ರಲ್ಲಿ ವೈಸ್‌ರಾಯ್ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ತಂದರು, ಮದ್ರಾಸಿನವರು ಅವರನ್ನು ನಮ್ಮಪ್ಪ ಅಂತಲೇ ಕೊಂಡಾಡಿದರು. 1913ರಲ್ಲಿ ಏಳೂವರೆ ಲಕ್ಷ ರೂಪಾಯಿಯಲ್ಲಿ ಎದ್ದ ಕಾರ್ಪೊರೇಷನ್ನಿನ ಬಿಳಿ ಕಟ್ಟಡಕ್ಕೆ ಅವರದೇ ಹೆಸರು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದವರಿಗೆ ಗಡಿಯಾರದ ಗೋಪುರ ಕಾಣುತ್ತದಲ್ಲ, ಅದೇ ರಿಪ್ಪನ್ ಬಿಲ್ಡಿಂಗ್.

ಅದೇ 1913ರ ಮಾರ್ಚಿನಲ್ಲಿ ಅಮೆರಿಕದ ಡೇಟನ್ ಎಂಬ ಊರು ಪ್ರವಾಹದಲ್ಲಿ ಮುಳುಗಿತು. ಊರಿನ ಆಡಳಿತ ಕೈಚೆಲ್ಲಿ ಕೂತಾಗ, ಕ್ಯಾಶ್ ರಿಜಿಸ್ಟರ್ ಯಂತ್ರ ಮಾಡುವ ಕಾರ್ಖಾನೆಯ ಧಣಿ ಜಾನ್ ಪ್ಯಾಟರ್ಸನ್ ತನ್ನ ಕೆಲಸಗಾರರಿಂದ ದೋಣಿ ಮಾಡಿಸಿ ಜನರನ್ನು ದಡ ಸೇರಿಸಿದ. ಪೈಪೋಟಿದಾರರನ್ನು ಅಕ್ರಮವಾಗಿ ತುಳಿದದ್ದಕ್ಕೆ ಹಿಂದಿನ ತಿಂಗಳಷ್ಟೇ ಅವನಿಗೆ ಜೈಲುಶಿಕ್ಷೆ ವಿಧಿಸಲಾಗಿತ್ತು! ಜನರಿಗೆ ಮಾತ್ರ ಅವನೇ ದೇವರಾದ. ಕಾರ್ಖಾನೆಗೆ ಮ್ಯಾನೇಜರ್ ಇದ್ದಂತೆ ಊರಿಗೂ ಇರಲಿ ಎಂದು ಅವನೂ ಅವನ ಕಡೆಯವರೂ ಹಟ ಹಿಡಿದರು. ಮೊದಲು ಕರೆ ಹೋದದ್ದು ಪನಾಮಾ ಕಾಲುವೆ ಕಟ್ಟುತ್ತಿದ್ದ ಕರ್ನಲ್ ಗೋಥಲ್ಸ್‌ಗೆ. ಆತ ಒಲ್ಲೆ ಎಂದ. ಸಿನ್ಸಿನಾಟಿಯ ನಗರ ಎಂಜಿನಿಯರ್ ಹೆನ್ರಿ ವೇಟ್ ಬಂದ, 1914ರ ಜನವರಿಯಲ್ಲಿ ಕೆಲಸಕ್ಕೆ ಕೂತ. ಅಲ್ಲಿಂದಾಚೆಗೆ ಈ ಪದ್ಧತಿ ಅಮೆರಿಕದ ತುಂಬ ಹಬ್ಬಿತು.

1914ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲೂ ನೀರಿನದೇ ಸುದ್ದಿ. ಕಿಲ್ಪಾಕ್‌ನಲ್ಲಿ ಹೊಸ ನೀರು ಸರಬರಾಜು ಕೇಂದ್ರ ತೆರೆಯಿತು. ಅದುವರೆಗೆ ರೆಡ್‌ಹಿಲ್ಸ್ ಕೆರೆಯ ನೀರು ತೆರೆದ ಕಾಲುವೆಯಲ್ಲಿ, ದಾರಿಯ ಕೊಳೆಯನ್ನೆಲ್ಲ ಹೊತ್ತು ಬರುತ್ತಿತ್ತು. ಮ್ಯಾಡ್ಲಿ ಅದನ್ನು ಮುಚ್ಚಿದ ನಾಲೆಯಲ್ಲಿ ತಂದು, ಮರಳಿನಲ್ಲಿ ಸೋಸಿ, ಎತ್ತರದ ತೊಟ್ಟಿಗೆ ಏರಿಸಿ ಮನೆಗಳಿಗೆ ಹರಿಸಿದರು. ಡೇಟನ್ನಿನಲ್ಲಿ ಎಂಜಿನಿಯರೇ ಊರಿನ ಮುಖ್ಯಾಧಿಕಾರಿಯಾದ. ನಮ್ಮಲ್ಲಿ ಎಂಜಿನಿಯರು ಕೆಳಗೆ, ಮೇಲೆ ಐಸಿಎಸ್. ಆಗ ಮೇಲಿದ್ದವರು ಮೊಲೋನಿ, ಐರ್ಲೆಂಡಿನವರು, 1911ರಲ್ಲಿ ಮದ್ರಾಸ್ ಪ್ರಾಂತ್ಯದ ಜನಗಣತಿ ನಡೆಸಿದವರು. ಬುದ್ಧಿವಂತರು, ಹಾಸ್ಯಪ್ರಜ್ಞೆ ಇದ್ದವರು, ದಕ್ಷಿಣ ಭಾರತದ ಬಗ್ಗೆ ಸೊಗಸಾದ ಪುಸ್ತಕ ಬರೆದವರು. ಅವರ ಮೇಲೆ ನನ್ನ ದೂರಿಲ್ಲ. ಮದ್ರಾಸಿನವರು ಯಾರೂ ಅವರನ್ನು ಆರಿಸಲಿಲ್ಲ ಎನ್ನುವುದಷ್ಟೇ ನನ್ನ ತಕರಾರು. ಸಭೆಯ ಅಧ್ಯಕ್ಷತೆಯೂ ಅವರದೇ, ಆಡಳಿತವೂ ಅವರದೇ.

1919ರ ಮದ್ರಾಸ್ ನಗರ ಮುನಿಸಿಪಲ್ ಕಾಯಿದೆ ಈ ಎರಡನ್ನೂ ಬೇರ್ಪಡಿಸಿತು. ಸಭೆಗೆ ಚುನಾಯಿತ ಅಧ್ಯಕ್ಷ, ಕೆಲಸಕ್ಕೆ ಸರ್ಕಾರ ಕಳಿಸುವ ಕಮಿಷನರ್. ಆ ಚುನಾಯಿತ ಅಧ್ಯಕ್ಷರೇ ಪಿ. ತ್ಯಾಗರಾಯ ಚೆಟ್ಟಿಯಾರ್, ಟಿ. ನಗರದ ‘ಟಿ’. 1882ರಿಂದ ನಲವತ್ತು ವರ್ಷ ಕಾರ್ಪೊರೇಷನ್ನಿನಲ್ಲಿ ಕೂತವರು. ತಮ್ಮ ಜಸ್ಟಿಸ್ ಪಕ್ಷ ಗೆದ್ದಾಗ ಮದ್ರಾಸ್ ಪ್ರಾಂತ್ಯದ ಪ್ರಧಾನಿ ಪಟ್ಟವನ್ನೇ ಬೇಡ ಅಂದವರು. ಮೈಮೇಲೆ ಯಾವಾಗಲೂ ಬಿಳಿ ಬಟ್ಟೆ. 1922ರಲ್ಲಿ ವೇಲ್ಸ್ ರಾಜಕುಮಾರ ಬಂದಾಗ ದರ್ಬಾರಿ ಉಡುಪು ತೊಡಲು ಒಪ್ಪದೆ, ಅದೇ ಬಿಳಿ ಉಡುಗೆಯಲ್ಲಿ ಹೋಗಿ ಸ್ವಾಗತಿಸಿದರು.

ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 1920ರ ಒಂದು ನಿರ್ಣಯ. ಥೌಸಂಡ್ ಲೈಟ್ಸ್‌ನ ಕಾರ್ಪೊರೇಷನ್ ಶಾಲೆಗೆ ಬರುವ ಬಡಮಕ್ಕಳಿಗೆ ಮಧ್ಯಾಹ್ನ ತಿನ್ನಲು ಕೊಡಬೇಕು, ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರಬಾರದು ಎಂದು ಸಭೆ ತೀರ್ಮಾನಿಸಿತು. ಇವತ್ತು ದೇಶದಲ್ಲೆಲ್ಲ ನಡೆಯುತ್ತಿರುವ ಬಿಸಿಯೂಟದ ಬೇರು ಅಲ್ಲಿದೆ. ಹೊಟ್ಟೆ ತುಂಬಿದ್ದೇ ತಡ ಶಾಲೆಗೆ ಬರುವ ಮಕ್ಕಳು ಹೆಚ್ಚಿದರು, ಯೋಜನೆ ಇನ್ನೂ ಕೆಲವು ಶಾಲೆಗಳಿಗೆ ಹೋಯಿತು. ಊರಿನವರು ಏನು ಬೇಕೆಂದು ಹೇಳಬೇಕು, ಅಧಿಕಾರಿ ಅದನ್ನು ನಡೆಸಿಕೊಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆಮೇಲೆ ಶಿಕ್ಷಣ ನಿಧಿಯಿಂದ ಊಟಕ್ಕೆ ಖರ್ಚು ಮಾಡಕೂಡದು ಎಂದು ಸರ್ಕಾರ ತಕರಾರು ತೆಗೆಯಿತು. 1925ರಲ್ಲಿ ಊಟ ನಿಂತಿತು. ಅದೇ ವರ್ಷದ ಏಪ್ರಿಲಿನಲ್ಲಿ ಚೆಟ್ಟಿಯಾರ್ ತೀರಿಕೊಂಡರು.

ಮುಂದಿನದು ಬೇಸರದ ಕಥೆ. 1933ರಲ್ಲಿ ಅಧ್ಯಕ್ಷರಿಗೆ ಮತ್ತೆ ಮೇಯರ್ ಎಂಬ ಹಳೆಯ ಹೆಸರು ಬಂತು, ರಾಜಾ ಮುತ್ತಯ್ಯ ಚೆಟ್ಟಿಯಾರ್ ಮೊದಲಿಗರಾದರು. 1973ರಲ್ಲಿ ಮಸ್ಟರ್ ರೋಲ್ ಹಗರಣ ಸಿಡಿಯಿತು. ಇಲ್ಲದ ಕೂಲಿಯವರ ಹೆಸರಿನಲ್ಲಿ ಸಂಬಳ ಎತ್ತಿದ್ದರು! ಕೌನ್ಸಿಲನ್ನೇ ವಿಸರ್ಜಿಸಿದರು. ಸರಿ, ಕಳ್ಳರನ್ನು ಹಿಡಿಯಲಿ, ಆದರೆ ಚುನಾವಣೆ ಮತ್ತೆ ನಡೆದದ್ದು 1996ರಲ್ಲಿ. ಇಪ್ಪತ್ಮೂರು ವರ್ಷ ಮದ್ರಾಸನ್ನು ವಿಶೇಷಾಧಿಕಾರಿಗಳೇ ಆಳಿದರು. ಎಂ.ಕೆ. ಸ್ಟಾಲಿನ್ ಜನರಿಂದ ನೇರವಾಗಿ ಆರಿಸಿಬಂದ ಮೊದಲ ಮೇಯರಾದರು. ಮತ್ತೆ 2016ರಿಂದ 2022ರವರೆಗೆ ಕೌನ್ಸಿಲ್ ಇಲ್ಲ. 2022ರ ಮಾರ್ಚಿನಲ್ಲಿ ಆರ್. ಪ್ರಿಯಾ ಮೇಯರ್ ಕುರ್ಚಿಯಲ್ಲಿ ಕೂತರು. ನಮ್ಮ ಬೆಂಗಳೂರಿನವರು ನಗುವ ಹಾಗಿಲ್ಲ. ಅಲ್ಲಿ 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ದರ್ಬಾರು ನಡೆಯಿತು.

ಅಧಿಕಾರಿಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ಜಯನಗರದಲ್ಲಿ ಲಕ್ಷ್ಮಣರಾವ್ ಬುಲೆವಾರ್ಡಿನ ಮರಗಳ ಕೆಳಗೆ ನಡೆದವರು ಆ ಹೆಸರಿನ ಅಧಿಕಾರಿಯನ್ನು ತಣ್ಣಗಿರಲಿ ಎಂದು ಹರಸದೆ ಇರಲಾರರು. ಒಳ್ಳೆಯವರು ಬಂದದ್ದು ನಮ್ಮ ಅದೃಷ್ಟ. ವರ್ಗಾವಣೆ ಆದೇಶ ಬಂದ ಸಂಜೆಯೇ ಅವರು ಹೊರಟುಬಿಡುವುದು ನಮ್ಮ ಹಣೆಬರಹ. ನಿನ್ನೆ ಕೃಷಿ ಇಲಾಖೆ, ಇವತ್ತು ಕಾರ್ಪೊರೇಷನ್, ನಾಳೆ ಪ್ರವಾಸೋದ್ಯಮ. ಊರಿನ ಚರಂಡಿ ಯಾವ ಕಡೆ ಇಳಿಜಾರು ಎಂದು ಕಲಿಯುವಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕು. ಆಶ್‌ಬರ್ನರ್ ಕೂಡ ಊರಿಂದೂರಿಗೆ ಹೋದವನೇ, ನಿಜ. ಆದರೆ ಪ್ರತಿ ಊರೂ ಅವನನ್ನು ಬೇಕೆಂದು ಕರೆಸಿಕೊಂಡಿತ್ತು, ಪ್ರತಿ ಊರಲ್ಲೂ ಅವನದು ಅದೇ ಕಸುಬು.

ನಗರಪಾಲಿಕೆಗಳಿಗೆ ಶಕ್ತಿ ಕೊಡುತ್ತೇವೆಂದು ಬಂದ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ವಾರ್ಡು, ಮೀಸಲಾತಿ, ಐದು ವರ್ಷದ ಅವಧಿ, ಹದಿನೆಂಟು ವಿಷಯಗಳ ಪಟ್ಟಿ, ಎಲ್ಲ ಇದೆ. ಕಮಿಷನರನ್ನು ಯಾರು ಆರಿಸಬೇಕು ಎಂಬ ಬಗ್ಗೆ ಒಂದಕ್ಷರವಿಲ್ಲ. ಚೆನ್ನೈ ಸುತ್ತಮುತ್ತ ಆವಡಿ 2019ರಲ್ಲಿ, ತಾಂಬರಂ 2021ರಲ್ಲಿ ಕಾರ್ಪೊರೇಷನ್‌ಗಳಾದವು. ಅಲ್ಲಿಗೂ ಕಮಿಷನರು ಬರುವುದು ಸೆಕ್ರೆಟೇರಿಯಟ್ಟಿನ ಆದೇಶದ ಮೇಲೆಯೇ.

ಸರ್ಕಾರ ನಾಲ್ಕಾರು ಅರ್ಹರ ಹೆಸರು ಕೊಡಲಿ, ಕೌನ್ಸಿಲಿನವರು ಅವರನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಲಿ, ಮೂರು ವರ್ಷದ ಕರಾರು ಮಾಡಿಕೊಳ್ಳಲಿ. ಮಸ್ಟರ್ ರೋಲ್ ತಿಂದವರ ಕೈಗೆ ಇದನ್ನೂ ಕೊಡುವುದೇ ಎಂದು ನೀವು ಕೇಳಬಹುದು. ಒಂದಾಣೆಯ ಊಟ ಕೊಟ್ಟವರೂ ಅಂಥ ಕೌನ್ಸಿಲಿನವರೇ ಅಲ್ಲವೇ? ಮುಂದಿನ ಸಲ ನಿಮ್ಮ ವಾರ್ಡಿನ ಅಭ್ಯರ್ಥಿ ಕೈಮುಗಿದು ಬಾಗಿಲಿಗೆ ಬಂದಾಗ, ರಸ್ತೆ ಗುಂಡಿಯ ಮಾತು ಮುಗಿದ ಮೇಲೆ ಇದನ್ನೂ ಕೇಳಿ: ಕಮಿಷನರನ್ನು ಆರಿಸುವ ಹಕ್ಕು ಕೌನ್ಸಿಲಿಗೆ ಬೇಕು ಎಂದು ಗೆದ್ದ ಮೇಲೆ ಸಭೆಯಲ್ಲಿ ಎದ್ದುನಿಂತು ಹೇಳುತ್ತೀರಾ? ಉತ್ತರ ಕೇಳಿಸಿಕೊಂಡು ಆಮೇಲೆ ಓಟು ಹಾಕಿ.